ಹೊನ್ನಾಜಮ್ಮನ ಎರಡು ಸೋರೆಬುರುಡೆ

ಲೋಕ ಆಗಿನ್ನೂ ಹಸಿ ಹಸಿ, ಈಗಷ್ಟೇ ಸಾರಿಸಿದ ಅಂಗಳದ ಹಾಗಿತ್ತು. ಎಲ್ಲಿ ಕಾಲಿಟ್ಟರೂ ಹೆಜ್ಜೆ ಮೂಡುತ್ತಿತ್ತು. ಗಾಳಿಗೆ ಮಾತು ಬರುತ್ತಿತ್ತು, ಇರುವೆಗೆ ಮಾತು ಬರುತ್ತಿತ್ತು, ಹೊಳೆಗಂತೂ ಬಾಯಿ ಮುಚ್ಚುವುದಕ್ಕೇ ಬರುತ್ತಿರಲಿಲ್ಲ. ಹೂಗಳೂ ಮಾತಾಡುತ್ತಿದ್ದವು, ಆದರೆ ಮೆಲ್ಲಗೆ.

ಪಾಪ, ಆಗಿನ ಹೂಗಳಿಗೆ ತಮ್ಮ ಬೀಜವನ್ನು ತಾವೇ ಬಿತ್ತಿಕೊಳ್ಳುವುದು ಗೊತ್ತಿರಲಿಲ್ಲ. ಗಸಗಸೆಯ ಕಾಯಿ ಅಂದರೆ ಮುಚ್ಚಳ ಹಾಕಿದ ಪುಟ್ಟ ಕುಡಿಕೆ. ಅದಕ್ಕೆ ಆಗ ಒಂದೇ ಒಂದು ಕಿಂಡಿಯೂ ಇರಲಿಲ್ಲ. ಕರ್ಣಕುಂಡಲದ ಕಾಯಿಯೋ, ಮುಟ್ಟಿದರೆ ಸಾಕು, ನಿದ್ದೆಗಣ್ಣಿನ ಮಗು ಮುಷ್ಟಿ ಬಿಚ್ಚಿದ ಹಾಗೆ ಮೆತ್ತಗೆ ಬಿಚ್ಚಿಕೊಳ್ಳುತ್ತಿತ್ತು. ಬೀಜವನ್ನು ಮುಟ್ಟಿದವರ ಅಂಗೈಯಲ್ಲೇ ಇಡುತ್ತಿತ್ತು. "ತಗೊಳ್ಳವ್ವಾ, ನಮ್ಮ ಮಕ್ಕಳು ನಿನ್ನ ಮಡಿಲಿಗೆ" ಎನ್ನುತ್ತಿತ್ತು.

ಯಾರ ಮಡಿಲಿಗೆ? ಹೊನ್ನಾಜಮ್ಮನ ಮಡಿಲಿಗೆ.

ಹೊನ್ನಾಜಮ್ಮನ ಮನೆ ಹೊಳೆಯ ಈಚೆ ದಡದಲ್ಲಿ. ಅವಳ ಕೈಗುಣ ಅಂಥದ್ದು, ಅವಳು ಉದುರಿಸಿದ್ದೆಲ್ಲ ಮೊಳೆಯುತ್ತಿತ್ತು. ಅದಕ್ಕೇ ಹೂಗಳೆಲ್ಲ ಸೇರಿ ಬೀಜ ಕಾಯುವ ಕೆಲಸವನ್ನು ಅವಳಿಗೇ ಒಪ್ಪಿಸಿದ್ದವು. ಕಾಯಿ ಬಲಿತಾಗ ಅವಳು ಸೆರಗು ಹಿಡಿದು ಹಿತ್ತಿಲಲ್ಲಿ ಸುತ್ತುತ್ತಿದ್ದಳು. ಬಂದ ಬೀಜಕ್ಕೆ ಒಲೆಯ ಬೂದಿ ಕಲಸಿ, ಒಣಗಿದ ಸೋರೆಬುರುಡೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಒಲೆಯ ಹೊಗೆ ತಾಗುವ ಹಾಗೆ ಜಂತಿಗೆ ನೇತುಹಾಕುತ್ತಿದ್ದಳು. ಮುಂಗಾರಿನ ಮೊದಲ ಹದಮಳೆ ಬಿದ್ದಾಗ ಊರಿನ ಹೆಂಗಸರೆಲ್ಲ ಮೊರ ಹಿಡಿದು ಬರುತ್ತಿದ್ದರು. ಅವಳು ಒಬ್ಬೊಬ್ಬರಿಗೂ ಹಿಡಿ ಹಿಡಿ ಕೊಡುತ್ತಿದ್ದಳು. ಮನೆಮನೆಯ ಹಿತ್ತಿಲೂ ಕೆಂಪಾಗುತ್ತಿತ್ತು. ಚೆನ್ನಾಗಿಯೇ ನಡೆದಿತ್ತು.

ಹಾಳಾದ್ದು ಆ ಒಗೆಯುವ ಕಲ್ಲು! ಎಲ್ಲ ಶುರುವಾದದ್ದು ಅಲ್ಲಿಂದ.

ಆ ಕಲ್ಲು ಪಕ್ಕದ ಮನೆ ದ್ಯಾವಮ್ಮನ ಹಿತ್ತಿಲಲ್ಲಿತ್ತು. ಎರಡು ಮನೆಗೂ ಅದೊಂದೇ ಕಲ್ಲು. ಬೇಸಿಗೆ ಆಗಷ್ಟೇ ಕಾಲಿಟ್ಟಿತ್ತು, ಹೂಗಿಡಗಳೆಲ್ಲ ಬೀಜ ಕೊಟ್ಟು ಒಣಗಿದ್ದವು, ಬೀಜವೆಲ್ಲ ಬುರುಡೆ ಸೇರಿತ್ತು. ಹೊನ್ನಾಜಮ್ಮ ಬಟ್ಟೆ ಗಂಟು ಹೊತ್ತು ಬಂದು ಕಲ್ಲಿನ ಹತ್ತಿರ ಇಳಿಸಿದಳು. ನೋಡುತ್ತಾಳೆ, ನೀರು ಹರಿದ ಕೆಸರಿನಲ್ಲಿ ಎರಡು ಮರಿಗಿಡ. ಒಂದರದು ಗರಗಸದಂಥ ಅಂಚಿನ ಎಲೆ, ಇನ್ನೊಂದರದು ಬೂದುಹಸಿರಿನ ಸುಕ್ಕೆಲೆ. ಬೀಜ ಕಾಯುವವಳಿಗೆ ಎಲೆ ಗುರುತಾಗದೇ? ಒಂದು ಕರ್ಣಕುಂಡಲ, ಒಂದು ಗಸಗಸೆ.

"ದ್ಯಾವೀ!" ಎಂದು ಕೂಗಿದಳು. "ಇದೇನೇ ಇದು?"

ದ್ಯಾವಮ್ಮ ಸೌದೆ ಒಡೆಯುತ್ತಿದ್ದವಳು ಬೆವರು ಒರೆಸಿಕೊಂಡು ಬಂದಳು. "ಯಾವುದೋ ಗಿಡ ಕಣಕ್ಕಾ. ತಾನಾಗೇ ಬಂತು."

"ತಾನಾಗೇ ಬಂತಾ?"

"ಹೂಂ ಕಣಕ್ಕಾ. ಕೀಳೋಣ ಅಂದ್ಕೊಂಡೆ, ಮನಸ್ಸು ಬರ್ಲಿಲ್ಲ."

ಹೊನ್ನಾಜಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಲೋಕದಲ್ಲಿ ಅಲ್ಲಿಯವರೆಗೆ ಒಂದು ಹೂವೂ ತಾನಾಗೇ ಬಂದಿರಲಿಲ್ಲ. "ಹೌದೌದು. ನೀ ಹೇಳ್ದೆ, ನಾ ನಂಬ್ದೆ" ಎಂದಳು. ಬಟ್ಟೆಯನ್ನು ಒಗೆಯದೆ ಹಾಗೇ ಗಂಟು ಕಟ್ಟಿಕೊಂಡು ಮನೆಗೆ ಬಂದಳು.

ಬಂದವಳೇ ಬುರುಡೆ ಇಳಿಸಿ ನೋಡಿದಳು. ಬಟ್ಟೆ ಕಟ್ಟಿದ ಹಾಗೇ ಇತ್ತು. ತೂಗಿ ನೋಡಿದಳು. ಯಾಕೋ ಹಗುರ ಅನ್ನಿಸಿತು. ಒಂದು ಸಲ ಹಗುರ ಅನ್ನಿಸಿದ ಮೇಲೆ ಕೇಳಬೇಕೇ, ಮತ್ತೆ ಮತ್ತೆ ಹಗುರವೇ. ಯಾರೋ ಕದ್ದಿದ್ದಾರೆ. ದ್ಯಾವಿ ತಾನೇ ಬಂದು ಕದ್ದಳೋ, ಯಾರ ಕೈಲಾದರೂ ಕದಿಸಿದಳೋ?

ಹೊನ್ನಾಜಮ್ಮ ಜಗಲಿಯಲ್ಲಿ ಕಾಲು ಚಾಚಿ ಕುಳಿತು ಗಾಳಿಯನ್ನು ಕರೆದಳು.

"ಏ ಗಾಳಿ, ಬಾ ಇಲ್ಲಿ. ನನ್ನ ಬೀಜ ತಗೊಂಡು ಹೋಗಿ ದ್ಯಾವಿ ಹಿತ್ತಿಲಿಗೆ ಹಾಕಿದ್ದು ನೀನೇ ತಾನೇ?"

"ಅಯ್ಯೋ, ನಾನ್ಯಾಕೆ ತಾಯಿ?" ಎಂದಿತು ಗಾಳಿ. "ನಿನ್ನ ಬುರುಡೆಗೆ ಬಟ್ಟೆ ಕಟ್ಟಿದೀಯ. ನಾನು ಒಳಗೆ ಹೋಗೋದಾದ್ರೂ ಹೆಂಗೆ?"

"ಹೌದೌದು. ನೀ ಹೇಳ್ದೆ, ನಾ ನಂಬ್ದೆ."

ಆಮೇಲೆ ಇರುವೆಯನ್ನು ಹಿಡಿದು ನಿಲ್ಲಿಸಿದಳು. "ಏನೇ ಕೆಂಪಿರುವೆ, ಸಾಲಾಗಿ ಹೋಗ್ತಿದೀರಲ್ಲ, ಬಾಯಲ್ಲೇನಿದೆ ತೋರಿಸು."

"ಸತ್ತ ನೊಣದ ರೆಕ್ಕೆ ಕಣಜ್ಜಿ" ಎಂದಿತು ಇರುವೆ. "ಬಾಯಲ್ಲಿ ಹಿಡ್ಕೊಂಡು ಮಾತಾಡೋಕಾಗಲ್ಲ, ಬಿಡು, ದಾರಿ ಬಿಡು."

"ಹೌದೌದು. ನೀ ಹೇಳ್ದೆ, ನಾ ನಂಬ್ದೆ."

ಗುಬ್ಬಚ್ಚಿಯನ್ನೂ ಕೇಳಿದಳು. "ನನಗೆ ನವಣೆ ಸಿಕ್ಕಿದ್ರೆ ಸಾಕು" ಎಂದಿತು ಅದು. "ಆ ಬೂದಿ ಕಲಸಿದ ಬೀಜ ಯಾರು ತಿಂತಾರೆ, ಥೂ!" ಅದನ್ನೂ ಅವಳು ಹಾಗೇ ನಂಬಿದಳು! ಯಾರು ಇಲ್ಲ ಅಂದರೂ ಅವಳ ಅನುಮಾನ ಇನ್ನಷ್ಟು ಬಲಿಯುತ್ತಿತ್ತು. ಯಾರಾದರೂ ಹೂಂ ಅಂದಿದ್ದರೆ ಕಡಿಮೆಯಾಗುತ್ತಿತ್ತೇ? ಆಗ ಜೊತೆಗೆ ಇನ್ನೂ ಯಾರು ಯಾರಿದ್ದರು ಎಂದು ಕೇಳುತ್ತಿದ್ದಳು.

ಕಡೆಗೆ ಅವಳಿಗೆ ಒಂದು ಉಪಾಯ ಹೊಳೆಯಿತು. ಉಪಾಯವೋ, ಕೇಡುಗಾಲವೋ!

ಬೀಜವನ್ನು ಎರಡು ಪಾಲು ಮಾಡಿದಳು. ಒಂದು ಪಾಲನ್ನು ಬಾಣಲೆಗೆ ಹಾಕಿ ಒಲೆಯ ಮೇಲೆ ಹುರಿದಳು. ಗಸಗಸೆ ಘಮ್ಮೆಂದಿತು, ಕರ್ಣಕುಂಡಲದ ಬೀಜ ಚಟಪಟ ಎಂದು ಹಾರಾಡಿತು. "ಕದಿಯೋರು ಇದನ್ನೇ ಕದೀಲಿ" ಎಂದು ನಕ್ಕಳು. "ಬಿತ್ತಿ, ನೀರು ಹೊಯ್ದು, ಕಾಯ್ತಾ ಕೂತಿರ್ಲಿ." ಹುರಿದದ್ದಕ್ಕೂ ಬೂದಿ ಕಲಸಿದಳು, ಹಸಿಯದಕ್ಕೂ ಬೂದಿ ಕಲಸಿದಳು. ಎರಡೂ ಒಂದೇ ಬಣ್ಣ. ಒಂದೇ ಗಾತ್ರದ ಎರಡು ಬುರುಡೆಗೆ ತುಂಬಿದಳು. ಹಸಿ ಬೀಜದ ಬುರುಡೆಗೆ ಬಿಳಿ ದಾರ ಕಟ್ಟಿ ಒಲೆಯ ಹಿಂದಿನ ಗೂಡಿನಲ್ಲಿ ಬಚ್ಚಿಟ್ಟಳು. ಹುರಿದ ಬೀಜದ ಬುರುಡೆಗೆ ಕರಿ ದಾರ ಕಟ್ಟಿ, ಕಳ್ಳರಿಗೆ ಕಾಣಲಿ ಎಂದು ಬಾಗಿಲ ಮುಂದಿನ ಸೂರಿಗೆ ತೂಗುಹಾಕಿದಳು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಗೋಡೆಯ ಮೇಲಿನ ಹಲ್ಲಿ "ಲೊಚ್ ಲೊಚ್" ಎಂದಿತು.

"ಏನಂದೆ?" ಎಂದಳು ಹೊನ್ನಾಜಮ್ಮ.

"ಏನಿಲ್ಲ" ಎಂದಿತು ಹಲ್ಲಿ. "ಸುಮ್ಮನೆ."

ಸುಮ್ಮನೆ ಯಾರಾದರೂ ಲೊಚಗುಟ್ಟುತ್ತಾರೆಯೇ? ಇದು ನೋಡಿದೆ. ಇದು ಹೋಗಿ ದ್ಯಾವಿಗೆ ಹೇಳುತ್ತದೆ. ಅವಳು ದಾರಗಳನ್ನು ಬಿಚ್ಚಿ ಅದಲುಬದಲು ಮಾಡಿದಳು. ಮಾರನೆಯ ದಿನ ಅನ್ನಿಸಿತು, ಬಚ್ಚಿಟ್ಟಿದ್ದೇ ಒಳ್ಳೆ ಬೀಜ ಅಂತ ಎಂಥ ದಡ್ಡ ಕಳ್ಳನಿಗೂ ಗೊತ್ತಾಗುತ್ತದಲ್ಲ? ಬುರುಡೆಗಳ ಜಾಗ ಬದಲಿಸಿದಳು. ಹಸಿಯದು ಸೂರಿಗೆ ಬಂತು, ಹುರಿದದ್ದು ಗೂಡಿಗೆ ಹೋಯಿತು. ಮತ್ತೊಂದು ದಿನ ಎದುರು ಮನೆಯವರು ಕೆಮ್ಮಿದರೆಂದು ದಾರ ಬದಲಿಸಿದಳು. ಇನ್ನೊಂದು ದಿನ ಯಾರೂ ಕೆಮ್ಮಲಿಲ್ಲವೆಂದು ಅನುಮಾನಪಟ್ಟು ಮತ್ತೆ ಬದಲಿಸಿದಳು. ಕೊನೆಗೆ ಯಾವ ದಾರ ಯಾವುದಕ್ಕೆ ಎಂಬುದು ಅವಳಿಗೇ ನೆನಪಿಲ್ಲದೆ ಹೋಯಿತು, ಬಚ್ಚಿಟ್ಟದ್ದೇ ಒಳ್ಳೆಯದು ಎಂದುಕೊಂಡಳು. ನಿಮಗೆ ಹೇಳಿಬಿಡುತ್ತೇನೆ, ಕೇಳಿಟ್ಟುಕೊಳ್ಳಿ: ಗೂಡಿನಲ್ಲಿ ಭದ್ರವಾಗಿದ್ದದ್ದು ಹುರಿದ ಬೀಜ. ಒಳ್ಳೆಯ ಬೀಜ ಬಾಗಿಲಲ್ಲಿ ನೇತಾಡುತ್ತಿತ್ತು.

ಇದೇ ಹೊತ್ತಿಗೆ ಮಗಳು ನೀಲವ್ವ ಬಾಣಂತನ ಮುಗಿಸಿ ಹೊರಟು ನಿಂತಳು.

ನೀಲವ್ವನನ್ನು ಹೊಳೆಯಾಚೆಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು, ಹೆಣ್ಣು ಕೂಸು ಹುಟ್ಟಿತ್ತು. ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಆ ಕಾಲದ ಪದ್ಧತಿಯೇ ಹಾಗೆ. ಬಾಣಂತಿ ಹೊರಡುವಾಗ ತಾಯಿ ಅವಳ ಮಡಿಲು ತುಂಬುವಳು, ಅಕ್ಕಿ, ಬೆಲ್ಲ, ಎಲೆ ಅಡಿಕೆಯ ಜೊತೆಗೆ ಹೂವಿನ ಬೀಜ. ಆ ಬೀಜವನ್ನು ಅತ್ತೆಮನೆಯ ಬಾಗಿಲಲ್ಲಿ ಬಿತ್ತಬೇಕು. ಅದು ಹೂ ಬಿಟ್ಟ ದಿನ ಕೂಸನ್ನು ಹೂವಿನ ಪಕ್ಕ ಮಲಗಿಸಿ, ಕಿವಿಯಲ್ಲಿ ಹೆಸರು ಹೇಳಬೇಕು. ಅದೂ ಕೂಸು ಮೊದಲ ಹೆಜ್ಜೆ ಇಡುವುದರೊಳಗೆ ಆಗಬೇಕು. ಹೆಸರಿಲ್ಲದೆ ನಡೆದ ಕೂಸು ಯಾವ ಮನೆಯದೂ ಆಗುವುದಿಲ್ಲ. ಲೋಕ ಹೊಸದು, ದಾರಿಗಳು ಹೊಸವು. ದಾರಿ ತಪ್ಪಿದರೆ ಏನೆಂದು ಕೂಗಿ ಕರೆಯುವುದು?

ಹೊನ್ನಾಜಮ್ಮನಿಗೆ ಮೊಮ್ಮಗಳೆಂದರೆ ಪ್ರಾಣ. ಆದರೆ ಬೀಗಿತಿಯ ಮೇಲೆ ಅನುಮಾನ. 'ಬೀಜದ ಮೇಲೇ ಅವಳ ಕಣ್ಣು. ಇಷ್ಟು ಕೊಟ್ಟರೆ ತಾನೂ ಬುರುಡೆ ತುಂಬಿಸಿಕೊಳ್ಳುತ್ತಾಳೆ. ಆಮೇಲೆ ಆಚೆ ದಡದ ಮೊರಗಳೆಲ್ಲ ಅವಳ ಬಾಗಿಲಿಗೆ ಹೋಗುತ್ತವೆ. ನನ್ನನ್ನು ಯಾರು ಕೇಳುತ್ತಾರೆ?' ಯೋಚಿಸಿ ಯೋಚಿಸಿ ಒಂದು ದೊಡ್ಡ ಗಂಟು ಕಟ್ಟಿದಳು. ಗಂಟಿನ ತುಂಬ ಬರೀ ಬೂದಿ. ಅದಕ್ಕೆ ಗೂಡಿನ ಬುರುಡೆಯಿಂದ ಒಂದೇ ಒಂದು ಚಿಟಿಕೆ ಬೀಜ ಸೇರಿಸಿದಳು. ಹೆಸರಿಡಲು ಒಂದು ಹೂ ಬಿಟ್ಟರೆ ಸಾಕಲ್ಲ?

"ಏನವ್ವಾ, ಇಷ್ಟೊಂದು ಕೊಟ್ಟೆ!" ಎಂದು ನೀಲವ್ವ ಗಂಟನ್ನು ಎದೆಗೊತ್ತಿಕೊಂಡಳು. "ನಿನಗೆ ಉಳೀತಾ?"

"ಇರಲಿ ತಗೋ" ಎಂದಳು ಹೊನ್ನಾಜಮ್ಮ. ಮಗಳ ಮುಖ ನೋಡಲಿಲ್ಲ.

ಮಳೆ ಬಂತು. ಹೆಂಗಸರು ಮೊರ ಹಿಡಿದು ಬಂದರು. ಹೊನ್ನಾಜಮ್ಮ ಬಾಗಿಲಿಗೆ ಅಡ್ಡ ನಿಂತು "ಈ ಸಲ ಇಲ್ಲ, ಹೋಗಿ. ಬೇಕಾದ್ರೆ ಕದ್ದವರ ಮನೇಲಿ ಕೇಳಿ" ಎಂದಳು. ಅವರು ಮುಖ ಮುಖ ನೋಡಿಕೊಂಡು ಖಾಲಿ ಮೊರ ಹಿಡಿದು ಹೋದರು. ದ್ಯಾವಮ್ಮ ಮಾತ್ರ ಬಂದಿರಲಿಲ್ಲ. 'ನೋಡಿದಿರಾ, ಬರಲೂ ಮುಖವಿಲ್ಲ' ಎಂದುಕೊಂಡಳು ಹೊನ್ನಾಜಮ್ಮ. ಬಂದಿದ್ದರೆ 'ನಾಚಿಕೆಯಿಲ್ಲದೆ ಬಂದಳು' ಎನ್ನುತ್ತಿದ್ದಳು ಬಿಡಿ.

ತನ್ನ ಹಿತ್ತಿಲಿಗೆ ಗೂಡಿನ ಬುರುಡೆಯಿಂದ ಧಾರಾಳವಾಗಿ ಬಿತ್ತಿದಳು. ಗುಬ್ಬಿ ನೋಡದಿರಲಿ ಎಂದು ಮಣ್ಣು ಮುಚ್ಚಿದಳು, ಇರುವೆ ಬಾರದಿರಲಿ ಎಂದು ಸುತ್ತ ಬೂದಿ ಗೆರೆ ಎಳೆದಳು, ಗಾಳಿ ಬಾರದಿರಲಿ ಎಂದು ತಡಿಕೆ ಕಟ್ಟಿದಳು. ಕಾದಳು. ಹುಲ್ಲು ಬಂತು, ಕಳೆ ಬಂತು. ಹೂವಿನ ಒಂದೆಲೆಯೂ ಬರಲಿಲ್ಲ. ಜೇನುಹುಳುಗಳು ಹಿತ್ತಿಲಿಂದ ಹಿತ್ತಿಲಿಗೆ ಅಲೆದು "ಎಲ್ಲಿ? ಎಲ್ಲಿ?" ಎಂದು ಕೇಳಿಕೊಂಡು ಹೋದವು. ಹೊನ್ನಾಜಮ್ಮ ಗುಬ್ಬಿಯನ್ನು ಬೈದಳು, ಇರುವೆಯನ್ನು ಬೈದಳು. ಗಾಳಿಯನ್ನು ಬೈದ ಬೈಗುಳಕ್ಕೆ ಅದು ಮುನಿಸಿಕೊಂಡು ಆ ಬೀದಿಗೇ ಬರುವುದನ್ನು ಬಿಟ್ಟಿತು. ಬಟ್ಟೆ ಒಗೆಯಲೂ ಅವಳು ಹೊಳೆಗೇ ಹೋಗತೊಡಗಿದಳು. ದ್ಯಾವಮ್ಮನ ಜೊತೆ ಮಾತಂತೂ ಬಿಟ್ಟೇಹೋಗಿತ್ತು.

ಮಳೆಗಾಲ ಇಳಿಮುಖವಾದಾಗ ಒಂದು ದಿನ ನೀಲವ್ವ ಹರಿಗೋಲು ಹತ್ತಿ ಬಂದಳು. ಸೊಂಟದಲ್ಲಿ ಕೂಸು. ದುಂಡಗೆ ಬೆಳೆದಿತ್ತು, ಕೆಳಗೆ ಬಿಟ್ಟರೆ ಅಂಬೆಗಾಲಿಡುತ್ತಿತ್ತು, ಗೋಡೆ ಸಿಕ್ಕಿದರೆ ಹಿಡಿದು ನಿಲ್ಲಲು ನೋಡುತ್ತಿತ್ತು.

"ಬಾರೇ ನನ್ನ ಬಂಗಾರ!" ಎಂದು ಹೊನ್ನಾಜಮ್ಮ ಕೈಚಾಚಿದಳು. "ಹೆಸರಿಟ್ಟಿರಿ, ನನಗೊಂದು ಮಾತು ಹೇಳಿ ಕಳಿಸಲಿಲ್ಲ, ಅಲ್ಲವೇನೇ? ನಿಮ್ಮತ್ತೆ ಬೇಡ ಅಂದಿರಬೇಕು. ಏನು ಹೆಸರು?"

ನೀಲವ್ವ ಜಗಲಿಯ ಮೇಲೆ ಕುಸಿದು ಕುಳಿತಳು. "ಹೆಸರೆಲ್ಲಿ ಬಂತವ್ವಾ, ಹೂವೇ ಬಿಡಲಿಲ್ಲ. ನಮ್ಮತ್ತೆ ಏನೂ ಅನ್ನಲಿಲ್ಲ, ದಿನಾ ಬೆಳಿಗ್ಗೆ ಎದ್ದು ಬಾಗಿಲ ಮಣ್ಣು ನೋಡ್ತಾರೆ, ಒಳಗೆ ಹೋಗ್ತಾರೆ. ಇಷ್ಟರಲ್ಲೇ ಇದು ಹೆಜ್ಜೆ ಇಡುತ್ತೆ. ನಾನೇ ಆಳವಾಗಿ ಬಿತ್ತಿದೆನೋ ಏನೋ. ನಿನ್ನ ಕೈಗುಣ ನನಗೆ ಬರಲಿಲ್ಲವ್ವಾ" ಎಂದು ಅತ್ತಳು.

ಮಗಳು ತನ್ನನ್ನೇ ಬೈದುಕೊಂಡದ್ದು ಕೇಳಿ ಹೊನ್ನಾಜಮ್ಮ ಅವಳ ಪಕ್ಕ ಬಂದು ಕುಳಿತಳು. ನೀಲವ್ವ ಸೆರಗಿನ ತುದಿ ಬಿಚ್ಚಿ, ಬಾಗಿಲ ಮಣ್ಣಿನಿಂದ ಕೆದಕಿ ತಂದಿದ್ದ ನಾಕಾರು ಬೀಜ ತೋರಿಸಿದಳು. "ನೋಡು, ಬಿದ್ದ ಹಾಗೇ ಇದಾವೆ. ಇರುವೆ ಕೂಡ ಮುಟ್ಟಿಲ್ಲ."

ಹೊಸ್ತಿಲಲ್ಲಿದ್ದ ಕೆಂಪಿರುವೆ ಹತ್ತಿರ ಬಂದು ಮೂಸಿ ಹಿಂದೆ ಸರಿಯಿತು. "ಹುರಿದದ್ದು ಕಣಜ್ಜಿ ಇದು" ಎಂದಿತು.

ಹೊನ್ನಾಜಮ್ಮ ಒಂದು ಬೀಜ ಬಾಯಿಗೆ ಹಾಕಿ ಕಡಿದಳು. ಬಾಣಲೆಯ ರುಚಿಯೇ.

ಆಗಲೂ ಅವಳಿಗೆ ಮೊದಲು ಬಂದದ್ದು ಅನುಮಾನವೇ ನೋಡಿ. "ಯಾರೋ ಬದಲಾಯಿಸಿದ್ದಾರೆ! ನನ್ನ ಗೂಡಿಗೇ ಕೈ ಹಾಕಿದ್ದಾರೆ!" ಎಂದು ಎದ್ದು ಓಡಿದಳು. ಗೂಡಿನ ಬುರುಡೆ ಇಳಿಸಿದಳು, ಸೂರಿನ ಬುರುಡೆ ಇಳಿಸಿದಳು. ಎರಡರ ದಾರಕ್ಕೂ ಹಾಕಿದ್ದು ಅವಳದೇ ಗಂಟು. ಅವಳು ಎಡಗೈಯಲ್ಲಿ ಗಂಟು ಹಾಕುವವಳು, ಊರಲ್ಲಿ ಇನ್ನಾರಿಗೂ ಆ ಗಂಟು ಬಾರದು. ಅದನ್ನು ಬೇರೆ ಯಾರೂ ಮುಟ್ಟಿರಲಿಲ್ಲ.

ಸೂರಿನ ಬುರುಡೆಯನ್ನು ನೆಲಕ್ಕೆ ಕುಟ್ಟಿ ಒಡೆದಳು. ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಮಳೆಯ ಇರಚಲಿಗೆ ನೆನೆದು, ಒಳಗೇ ಮೊಳೆತು, ಬೆಳಕಿಲ್ಲದೆ ಕೊಳೆತುಹೋಗಿತ್ತು ಬೀಜವೆಲ್ಲ. ಲೋಕದ ಒಳ್ಳೆಯ ಬೀಜವೆಲ್ಲ ಬೀದಿ ಬಾಗಿಲಲ್ಲಿ ತಿಂಗಳುಗಟ್ಟಲೆ ನೇತಾಡಿತ್ತು, ಒಬ್ಬರೂ ಕದ್ದಿರಲಿಲ್ಲ.

"ಅಯ್ಯೋ ಶಿವನೇ! ನನ್ನ ಕೈಯಾರೆ ಸುಟ್ಟೆನಲ್ಲೇ ಮಗಳೇ!" ಎಂದು ಹೊನ್ನಾಜಮ್ಮ ಹಣೆ ಚಚ್ಚಿಕೊಂಡಳು. ಬೂದಿಯ ಗಂಟು, ಬಾಣಲೆ, ದಾರ, ಎಲ್ಲವನ್ನೂ ಹೇಳಿದಳು. ನೀಲವ್ವ ಕೂಸನ್ನು ಎತ್ತಿಕೊಂಡು ಬೇರೆ ಕಡೆ ತಿರುಗಿ ನಿಂತಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಲೋಕದಲ್ಲಿ ಇನ್ನು ಉಳಿದದ್ದು ಎರಡೇ ಗಿಡ, ಒಗೆಯುವ ಕಲ್ಲಿನ ಹತ್ತಿರದವು. ಹೊನ್ನಾಜಮ್ಮ ನಾಚಿಕೆ ನುಂಗಿಕೊಂಡು ದ್ಯಾವಮ್ಮನ ಹಿತ್ತಿಲಿಗೆ ಹೋದಳು. ನೀಲವ್ವ ಕೂಸನ್ನೆತ್ತಿಕೊಂಡು ಹಿಂದೆಯೇ ಬಂದಳು. ದ್ಯಾವಮ್ಮ ಪಾತ್ರೆ ಬೆಳಗುತ್ತಿದ್ದಳು.

"ದ್ಯಾವೀ, ಆ ಗಿಡ..." ಎಂದಳು ಹೊನ್ನಾಜಮ್ಮ.

"ಚೆನ್ನಾಗಿದಾವೆ ಕಣಕ್ಕಾ, ಕಾಯಿ ಬಿಟ್ಟಿದಾವೆ" ಎಂದಳು ದ್ಯಾವಮ್ಮ. "ದಿನಾ ನೀರು ಹಾಕ್ತಿದೀನಿ. ನಿನ್ನವೇ ಅಲ್ವಾ? ಅವತ್ತು ನೀನು ಸಿಟ್ಟು ಮಾಡ್ಕೊಂಡು ಹೋದ ಮೇಲೆ ನನಗೆ ಹೊಳೀತು. ಬೀಜ ಬಿಡಿಸಿದ ಸೀರೇನೇ ನೀನು ತಂದು ಇದೇ ಕಲ್ಲಿಗೆ ಒಗೀತಿದ್ದೆ ನೋಡು. ಸೆರಗಿನ ಮಡಿಕೇಲಿ ಎರಡು ಬೀಜ ಉಳ್ಕೊಂಡಿರಬೇಕು. ಹೇಳೋಣ ಅಂತ ಬಂದೆ, ನೀನು ಬಾಗಿಲು ಹಾಕ್ಕೊಂಡೆ."

ಹೊನ್ನಾಜಮ್ಮ ನಾಲಿಗೆ ಕಚ್ಚಿಕೊಂಡಳು. ಕಳ್ಳಿ ಅವಳ ಸೆರಗೇ ಆಗಿತ್ತು!

ಗಿಡಗಳ ಮುಂದೆ ಮೊಣಕಾಲೂರಿ ಸೆರಗೊಡ್ಡಿದಳು. "ತಾಯಂದಿರಾ, ನಾಕು ಬೀಜ ಕೊಡಿ. ನನಗಲ್ಲ, ಕೂಸಿನ ಹೆಸರಿಗೆ."

ಕರ್ಣಕುಂಡಲ ಎಲೆ ಮುದುರಿಕೊಂಡಿತು. "ನಮ್ಮ ಅಕ್ಕತಂಗಿಯರ ಮಕ್ಕಳನ್ನ ಬಾಣಲೆಗೆ ಹಾಕಿದೆಯಂತೆ? ನಿಜವಾ?"

"ತಪ್ಪಾಯ್ತು ನನ್ನವ್ವಾ. ಇನ್ನು ಯಾವತ್ತೂ ಹುರಿಯಲ್ಲ, ಆಣೆ."

"ಹೌದೌದು" ಎಂದಿತು ಗಸಗಸೆ, ಮೆಲ್ಲಗೇ. "ನೀ ಹೇಳ್ದೆ, ನಾವು ನಂಬ್ದೋ."

ಆ ಮಾತಿಗೆ ಹೊನ್ನಾಜಮ್ಮನ ಕಣ್ಣಲ್ಲಿ ನೀರು ಬಂತು. ಆದರೂ ಕೈ ಚಾಚಿದಳು. ಕರ್ಣಕುಂಡಲದ ಕಾಯಿ ಆ ಬೆರಳನ್ನು ನೋಡಿತು, ಹೆದರಿ ಮೈಯೆಲ್ಲ ಬಿಗಿಹಿಡಿಯಿತು. ಬೆರಳು ತಾಗಿತೋ ಇಲ್ಲವೋ, ಚಟ್! ಕಾಯಿ ಸಿಡಿದು ಸುರುಳಿ ಸುತ್ತಿಕೊಂಡಿತು. ಬೀಜ ದಿಕ್ಕಿಗೊಂದು ಹಾರಿತು. ಅವಳು ಕೆಸರಿನಲ್ಲಿ ತಡಕಾಡಿದಳು. ಮಣ್ಣಿನ ಬಣ್ಣದ ಬೀಜ, ಒಂದೂ ಸಿಗಲಿಲ್ಲ. ಇನ್ನೊಂದು ಕಾಯಿ ಮುಟ್ಟಿದಳು, ಚಟ್! ಮತ್ತೊಂದು, ಚಟ್!

ದಿಕ್ಕುತೋಚದೆ ಗಸಗಸೆಯ ಗಿಡವನ್ನೇ ಬುಡ ಸಮೇತ ಕಿತ್ತಳು, ಮಗಳ ಜೊತೆ ಹೊಳೆಯಾಚೆ ಕಳಿಸಿ ಅಲ್ಲೇ ನೆಡಿಸೋಣವೆಂದು. ಬೇರು ಮಣ್ಣು ಬಿಟ್ಟದ್ದೇ ಗಿಡ ತಲೆ ಇಳಿಬಿಟ್ಟಿತು. "ಕಿತ್ತವರ ಕೈಲಿ ನಾನು ಬದುಕಲ್ಲ" ಎಂದಿತು. ಕೊನೆಯ ಉಸಿರಲ್ಲಿ, "ಗಾಳಿಯಣ್ಣಾ, ನನ್ನ ಕುಡಿಕೆಗೆ ಕಿಂಡಿ ಮಾಡೋ, ಬೇಗ!" ಎಂದು ಕೂಗಿತು.

ಮುನಿಸಿಕೊಂಡು ಹೋಗಿದ್ದ ಗಾಳಿ ಹೊಳೆಯ ಕಡೆಯಿಂದ ಓಡಿಬಂತು. ಕುಡಿಕೆಯ ಮುಚ್ಚಳದ ಕೆಳಗೆ ಬೆರಳ ತುದಿಯಿಂದ ಸುತ್ತಲೂ ಪುಟ್ಟ ಪುಟ್ಟ ಕಿಂಡಿ ತೆಗೆಯಿತು. ಕುಡಿಕೆ ಅಲ್ಲಾಡಿತು. ಗಸಗಸೆ ಬುರುಬುರು ಉದುರಿ ಗಾಳಿಯ ಜೊತೆ ಹೊರಟೇಹೋಯಿತು. ಹೊನ್ನಾಜಮ್ಮನ ಕೈಯಲ್ಲಿ ಉಳಿದದ್ದು ಖಾಲಿ ಕುಡಿಕೆ ಮತ್ತು ಒಂದು ಬಾಡಿದ ಕಡ್ಡಿ.

ಅಷ್ಟರಲ್ಲಿ ಕೂಸು ತಾಯಿಯ ಸೊಂಟದಿಂದ ಜಾರಿ, ಅಂಬೆಗಾಲಿಟ್ಟು, ಕರ್ಣಕುಂಡಲದಲ್ಲಿ ಉಳಿದಿದ್ದ ಕೊನೆಯ ಕಾಯಿಯನ್ನು ಹಿಡಿದೇಬಿಟ್ಟಿತು. ಕಾಯಿಗೆ ಆಗ ಯಾರ ಬೆರಳಾದರೇನು? ಚಟ್! ಕೂಸಿನ ಮೂಗಿಗೇ ಬಡಿಯಿತು. ಕೂಸು ಬೆಚ್ಚಿತು, ಕಣ್ಣು ಪಿಳಿಪಿಳಿ ಮಾಡಿತು, ಆಮೇಲೆ ಕಿಲಕಿಲನೆ ನಕ್ಕಿತು. ದೊಡ್ಡವರು ಮೂವರೂ ಅಳುತ್ತಿದ್ದರು, ಆ ನಗುವನ್ನು ನೋಡುವ ಸ್ಥಿತಿಯಲ್ಲಿರಲಿಲ್ಲ.

ನೀಲವ್ವ ಬರಿಗೈಯಲ್ಲಿ ಹೊಳೆ ದಾಟಿದಳು. ಮನೆ ಮುಟ್ಟಿ, ಬಾಗಿಲಲ್ಲಿ ನಿಂತು, ದಾರಿಯ ಧೂಳು ಹೋಗಲಿ ಎಂದು ಕೂಸಿನ ಕುಲಾವಿಯನ್ನೂ ಹೊದಿಕೆಯನ್ನೂ ಫಟಫಟ ಕೊಡವಿ ಒಳಗೆ ಹೋದಳು.

ಹಿಂಗಾರು ಹನಿಯಿತು. ಕೂಸು ಗೋಡೆ ಬಿಟ್ಟು ಒಂದು ಗಳಿಗೆ ನಿಲ್ಲಲು ಕಲಿಯಿತು. ನೀಲವ್ವ ಅದನ್ನು ಕೆಳಗೇ ಬಿಡುತ್ತಿರಲಿಲ್ಲ. ಸೊಂಟ ನೋಯುತ್ತಿದ್ದರೂ ಎತ್ತಿಕೊಂಡೇ ನೀರು ಸೇದುತ್ತಿದ್ದಳು, ಎತ್ತಿಕೊಂಡೇ ಮುದ್ದೆ ತೊಳಸುತ್ತಿದ್ದಳು. ಒಂದು ಬೆಳಿಗ್ಗೆ ಎಂದಿನಂತೆ ಬಾಗಿಲ ಮಣ್ಣು ನೋಡಲು ಹೋದ ಅತ್ತೆ ಒಳಗೆ ಬರಲೇ ಇಲ್ಲ. ಹೊಸ್ತಿಲಲ್ಲೇ ಬಗ್ಗಿ ನಿಂತಿದ್ದಳು. ಗರಗಸದಂಚಿನ ಎಲೆ, ಪಕ್ಕದಲ್ಲೇ ಬೂದುಹಸಿರಿನ ಸುಕ್ಕೆಲೆ. ಯಾರೂ ಬಿತ್ತಿರಲಿಲ್ಲ, ತಾನಾಗೇ ಬಂದಿತ್ತು.

ಮೊಗ್ಗು ಬಿರಿಯುವ ಹೊತ್ತಿಗೆ ಬೀಗಿತಿ ಹರಿಗೋಲು ಕಳಿಸಿ ಹೊನ್ನಾಜಮ್ಮನನ್ನು ಕರೆಸಿದಳು. ಹೊಳೆಯುದ್ದಕ್ಕೂ ಹೊನ್ನಾಜಮ್ಮನ ಜೀವ ಹಿಡಿಯಷ್ಟಾಗಿತ್ತು. 'ನನ್ನನ್ನು ನಾಲ್ಕು ಜನರ ಮುಂದೆ ಆಡಿಕೊಳ್ಳಲಿಕ್ಕೇ ಕರೆಸಿದ್ದಾಳೆ' ಎಂದು ಜೊತೆಗೆ ಬಂದಿದ್ದ ದ್ಯಾವಮ್ಮನ ಕಿವಿಯಲ್ಲಿ ಗೊಣಗಿದಳು. ದ್ಯಾವಮ್ಮ "ಸುಮ್ನೆ ಕೂತ್ಕೊ ಅಕ್ಕಾ, ಹರಿಗೋಲು ಅಲ್ಲಾಡುತ್ತೆ" ಎಂದಳು.

ಬೀಗಿತಿ ಕ್ಷೇಮಸಮಾಚಾರ ಕೇಳಿದಳು, ಕಾಲಿಗೆ ನೀರು ಕೊಟ್ಟಳು. ಬೂದಿಯ ಗಂಟಿನ ಮಾತೆತ್ತಲಿಲ್ಲ. ಎರಡೂ ಹೂಗಳ ಪಕ್ಕ ಮಣೆ ಹಾಕಿ, ಕೂಸನ್ನು ಹೊನ್ನಾಜಮ್ಮನ ಮಡಿಲಲ್ಲಿ ಮಲಗಿಸಿ, "ಹೆಸರು ನೀವೇ ಹೇಳಿ ಬೀಗಿತಿಯವರೇ" ಎಂದಳು.

ಹೊನ್ನಾಜಮ್ಮ ಕೂಸಿನ ತಲೆ ನೇವರಿಸಿದಳು. ತನ್ನ ತಾಯಿಯ ಹೆಸರಿಡಬೇಕೆಂದು ಅವಳಿಗೆ ಮೊದಲಿನಿಂದ ಆಸೆಯಿತ್ತು. ಅದನ್ನು ಬಿಟ್ಟುಕೊಟ್ಟು ಕೂಸಿನ ಕಿವಿಗೆ ಬಾಯಿಟ್ಟಳು. ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದಳು.

"ದ್ಯಾವಮ್ಮ. ದ್ಯಾವಮ್ಮ. ದ್ಯಾವಮ್ಮ."

ಹಿಂದೆ ನಿಂತಿದ್ದ ದ್ಯಾವಮ್ಮ "ಏನಕ್ಕಾ?" ಎಂದಳು, ತನ್ನನ್ನೇ ಕರೆದರೆಂದು. ಆಮೇಲೆ ತಿಳಿದು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕೂಸು ಮಡಿಲಿಂದ ಇಳಿದು, ಎದ್ದು ನಿಂತು, ಅವಳ ಕಡೆಗೇ ಮೊದಲ ಹೆಜ್ಜೆ ಇಟ್ಟಿತು. ನೀಲವ್ವ ಬಹಳ ದಿನದ ಮೇಲೆ ತಾಯಿಯ ಭುಜಕ್ಕೆ ತಲೆಯಾನಿಸಿದಳು.

ಮನುಷ್ಯರು ಮನ್ನಿಸಿದರು. ಹೂಗಳು ಮನ್ನಿಸಲಿಲ್ಲ. ಹೊನ್ನಾಜಮ್ಮ ಬದುಕಿರುವವರೆಗೂ ಕಾಯಿ ಬಲಿತಾಗಲೆಲ್ಲ ಒಂದು ಸಲ ಬೆರಳು ಚಾಚಿ ನೋಡುತ್ತಿದ್ದಳು, ಪ್ರತಿ ಸಲವೂ ಚಟ್! ಮತ್ತೆ ಯಾವ ಹೂವೂ ಬೀಜವನ್ನು ಯಾರ ವಶಕ್ಕೂ ಕೊಡಲಿಲ್ಲ, ತನ್ನ ಮಕ್ಕಳನ್ನು ತಾನೇ ಬಿತ್ತಿಕೊಳ್ಳುವುದನ್ನು ಕಲಿಯಿತು.

ಅದಕ್ಕೇ ಇವತ್ತಿಗೂ ಗಸಗಸೆಯ ಕುಡಿಕೆಗೆ ಮುಚ್ಚಳದ ಕೆಳಗೆ ಸುತ್ತ ಕಿಂಡಿಗಳಿವೆ. ಅದರ ಸಸಿಯನ್ನು ಕಿತ್ತು ಬೇರೆ ಕಡೆ ನೆಟ್ಟರೆ ತಲೆ ಇಳಿಬಿಡುತ್ತದೆ. ಅದಕ್ಕೇ ನಮ್ಮ ಬಚ್ಚಲ ನೀರು ಹರಿಯುವ ಕಡೆ, ಮೆಟ್ಟಿಲ ಸಂದಿಯಲ್ಲಿ, ಯಾರೂ ಬಿತ್ತದ ಕರ್ಣಕುಂಡಲ ಮಳೆ ಬಂದ ಮೇಲೆ ಎದ್ದು ನಿಂತಿರುತ್ತದೆ. ಹೋಗು ಮಗಾ, ಉಬ್ಬಿದ ಕಾಯಿಯೊಂದನ್ನು ಬೆರಳ ತುದಿಯಿಂದ ಮುಟ್ಟಿ ನೋಡು. ಚಟ್ ಎಂದು ಸಿಡಿದರೆ ಬೇಜಾರು ಮಾಡಿಕೊಳ್ಳಬೇಡ. ನೀನು ಒಳ್ಳೆಯವಳೇ ಇರಬಹುದು, ಆದರೆ ಅದು ಕಾದು ನೋಡುವುದಿಲ್ಲ.